ಅಕ್ಕನ ಕಲ್ಲು, ನನ್ನ ಚೀಟಿ

ನಾನು ಒಂದು ಪುಸ್ತಕದ ಕರ್ತೃ. ಈ ಮಾತನ್ನು ಎದ್ದು ನಿಂತು ಹೇಳಬೇಕೆನ್ನಿಸುತ್ತದೆ, ಆದರೆ ಮಂಡಿನೋವು. ಪುಸ್ತಕ ಮಕ್ಕಳದ್ದು, ತುಂಬ ಚಿತ್ರಗಳದ್ದು. ಪುಟಕ್ಕೆ ಎರಡು ಸಾಲಿಗಿಂತ ಹೆಚ್ಚು ಬರೆದರೆ ಮಕ್ಕಳಿಗೆ ಅಜೀರ್ಣವಾಗುತ್ತದೆಂದು ಪ್ರಕಾಶಕರು ಮೊದಲೇ ಎಚ್ಚರಿಸಿದ್ದರು. ಜೀವಮಾನವಿಡೀ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿದವನಿಗೆ ಎರಡು ಸಾಲಿಗೆ ಬಾಯಿ ಮುಚ್ಚುವುದು ಸುಲಭವಲ್ಲ. ಆದರೂ ಮುಚ್ಚಿದೆ. ಎಲ್ಲಿ ಮುಚ್ಚಬಾರದಿತ್ತೋ ಅಲ್ಲೂ ಮುಚ್ಚಿದೆ. ಈ ಬರಹ ಅದರ ಬಗ್ಗೆ.

ಪುಸ್ತಕದ ಕತೆ ಇಷ್ಟು. ಒಬ್ಬ ಹುಡುಗ ಕುರಿ ಕಾಯುತ್ತ ಕಲ್ಲು ಆರಿಸುತ್ತಾನೆ. ದೊಡ್ಡವನಾಗುತ್ತಾನೆ, ಆರಿಸುತ್ತಲೇ ಇರುತ್ತಾನೆ. ಮುದುಕನಾಗುತ್ತಾನೆ, ಚಳ್ಳಕೆರೆಯ ಮನೆಯ ವರಾಂಡದಲ್ಲಿ ಗಾಜಿನ ಕಪಾಟಿನ ತುಂಬ ಕಲ್ಲು, ಬೀದಿಯ ಮಕ್ಕಳೆಲ್ಲ ಬಂದು ಕಣ್ಣರಳಿಸುತ್ತಾರೆ. ಮುಗಿಯಿತು. ಮುಖಪುಟದಲ್ಲಿ ಚಡ್ಡಿ ತೊಟ್ಟ ಹುಡುಗನೊಬ್ಬ ಒಂದು ಕಲ್ಲನ್ನು ಸೂರ್ಯನಿಗೆ ಹಿಡಿದು ನೋಡುತ್ತಿದ್ದಾನೆ. ಅವನು ನಾನಂತೆ. ನನ್ನ ಬಾಲ್ಯದಲ್ಲಿ ಯಾವ ಚಡ್ಡಿಗೂ ಅಷ್ಟೊಂದು ಗುಂಡಿ ಇರಲಿಲ್ಲ. ನಮ್ಮ ಕುರಿ ಮೇಯುತ್ತಿದ್ದ ಒಣ ಉಳ್ಳಾರ್ತಿ ಕಾವಲಿನ ನಡುವೆ ಕಲಾವಿದರು ಒಂದು ಹೊಳೆಯನ್ನೂ ಹರಿಸಿದ್ದಾರೆ. ಇಷ್ಟು ಸರ್ಕಾರಗಳು ಬಂದು ಹೋದರೂ ಆಗದ ಕೆಲಸ. ಅದಕ್ಕಾಗಿ ಅವರನ್ನು ದೂರಲಾರೆ.

ಕಪಾಟು ನಿಜ, ಕಲ್ಲುಗಳೂ ನಿಜ. ಅವನ್ನು ಆರಿಸಿದವಳು ನನ್ನ ಅಕ್ಕ.

ನಾಯಕನಹಟ್ಟಿಗೂ ಕಾವಲಿಗೂ ನಡುವೆ ಒಂದು ಹಟ್ಟಿ ನಮ್ಮದು. ಅಪ್ಪನಿಗೆ ಓದುಬರಹ ಇರಲಿಲ್ಲ. ಕುರಿಗಳ ಎಣಿಕೆಯನ್ನು ಅವನು ಬೆಣಚುಕಲ್ಲಿನ ಹರಳುಗಳಲ್ಲಿ ಮಾಡುತ್ತಿದ್ದ. ಬೆಳಗ್ಗೆ ರೊಪ್ಪದ ಬಾಗಿಲಲ್ಲಿ ಕೂತು, ಒಂದೊಂದು ಕುರಿ ಹೊರಬಿದ್ದಾಗ ಒಂದೊಂದು ಹರಳನ್ನು ಚೀಲಕ್ಕೆ ಹಾಕುವುದು. ಸಂಜೆ ಒಂದೊಂದು ಒಳಬಂದಾಗ ಒಂದೊಂದು ತೆಗೆಯುವುದು. ಚೀಲದಲ್ಲಿ ಹರಳು ಉಳಿದರೆ ಕಾವಲಿನಲ್ಲಿ ಕುರಿ ಉಳಿದಿದೆ ಎಂದರ್ಥ. ಹಟ್ಟಿಯ ಎಲ್ಲರ ಪದ್ಧತಿಯೂ ಇದೇ. ಇದರಲ್ಲಿ ಒಂದೇ ದೋಷ. ಎಷ್ಟು ಕುರಿ ಬಂದಿಲ್ಲ ಎಂದು ಹರಳು ಹೇಳುತ್ತದೆ, ಯಾವ ಕುರಿ ಎಂದು ಹೇಳುವುದಿಲ್ಲ.

ಅಕ್ಕ ಆ ದೋಷ ತಿದ್ದಿದಾಗ ಅವಳಿಗೆ ಒಂಬತ್ತು ವರ್ಷವಿರಬೇಕು. ನನಗೆ ಎರಡು, ಈ ಸಂಶೋಧನೆಯಲ್ಲಿ ನನ್ನ ಪಾಲು ಅವಳ ಸೊಂಟದ ಮೇಲೆ ಕೂತು ಸಿಂಬಳ ಸುರಿಸಿದ್ದು. ಅವಳು ಪ್ರತಿ ಕುರಿಗೂ ಅದರ ಹಾಗೇ ಕಾಣುವ ಒಂದು ಕಲ್ಲು ಹುಡುಕಿದಳು. ಕರಿ ಕುರಿಗೆ ಕರಿ ಕಲ್ಲು ಎಂದು ಕೈ ತೊಳೆದುಕೊಳ್ಳುವವಳಲ್ಲ. ಬಿಳಿ ಮೈ, ಕೆಂಪು ಕತ್ತಿನ ಕುರಿಗೆ ಒಂದು ತುದಿಯಲ್ಲಿ ತುಕ್ಕಿನ ಬಣ್ಣ ಹತ್ತಿದ ಬಿಳಿ ಬೆಣಚೇ ಆಗಬೇಕು. ಕಿವಿ ಹರಿದ ಕುರಿಗೆ ಮೂಲೆಯಲ್ಲಿ ಚಕ್ಕೆ ಎದ್ದ ಕಲ್ಲು. ಮರಿ ನೆಲಕ್ಕೆ ಬಿದ್ದ ದಿನದಿಂದ ಹುಡುಕಾಟ; ಸಿಗುವವರೆಗೆ ಅವಳಿಗೆ ಮುದ್ದೆ ಇಳಿಯದು. ಸಂಜೆ ಕಂಬಳಿಯ ಮೇಲೆ ಕಲ್ಲುಗಳನ್ನು ಹರಡಿಕೊಂಡು ಕೂತು, ಕುರಿ ಒಳಬಂದಂತೆ ಅದರದರ ಕಲ್ಲನ್ನು ಎತ್ತಿ ಚೀಲಕ್ಕೆ ಹಾಕುವಳು. ಕೊನೆಗೆ ಕಂಬಳಿಯ ಮೇಲೆ ಉಳಿದದ್ದನ್ನು ಅಪ್ಪನ ಕೈಗಿಟ್ಟು, "ಇದು ಬಂದಿಲ್ಲ ನೋಡಪ್ಪ" ಅನ್ನುವಳು. ಅಪ್ಪ ಕಲ್ಲಿನ ಮುಖ ನೋಡಿಕೊಂಡು ಕುರಿ ಹುಡುಕಲು ಹೋಗುತ್ತಿದ್ದ. ಇದೆಲ್ಲ ಅವ್ವ ಹೇಳಿದ್ದು. ನಾನು ಕಣ್ಣಾರೆ ನೋಡುವಷ್ಟು ದೊಡ್ಡವನಾದಾಗ ಹಟ್ಟಿಯಲ್ಲಿ ಯಾರೂ ಅದನ್ನು ವಿಶೇಷವೆಂದು ತಿಳಿಯುತ್ತಿರಲಿಲ್ಲ.

ಕುರಿ ಮಾರಿದರೆ, ಸತ್ತರೆ, ತೋಳ ಎಳೆದರೆ ಅದರ ಕಲ್ಲು ಕಂಬಳಿಯಿಂದ ಎದ್ದು ಮೂಲೆಯ ಗುಡಾಣಕ್ಕೆ ಹೋಗುತ್ತಿತ್ತು. ಅಕ್ಕ ಒಂದನ್ನೂ ಎಸೆಯಲಿಲ್ಲ.

"ರಾಗಿ ಇಡೋ ಗುಡಾಣದಾಗೆ ಕಲ್ಲು ತುಂಬ್ತಾಳಲ್ಲ," ಎಂದು ಅವ್ವ ಬೈಯುವಳು. "ಇವಳನ್ನ ಕಟ್ಕಳೋನು ಕಲ್ಲು ಬೇಯಿಸ್ಕಂಡು ತಿನ್ಬೇಕು."

ಕಟ್ಟಿಕೊಂಡವನು ಮೊಳಕಾಲ್ಮೂರಿನ ಆಚೆಯವನು. ಅವರ ಊರಿನ ಕೋಳಿ ಕೂಗಿದರೆ ಆಂಧ್ರದವರು ಏಳುತ್ತಾರೆ. ಮದುವೆ ಮುಗಿದು ಹೊರಟಾಗ ಅಕ್ಕ ಗುಡಾಣವನ್ನೂ ಗಾಡಿಗೆ ಏರಿಸಲು ನೋಡಿದಳು. ಅವಳ ಅತ್ತೆ ಇಣುಕಿ ನೋಡಿ, "ರಾಳ್ಳಾ? ಕಲ್ಲಾ ತಾಯಿ ಇವು? ನಮ್ಮೂರಾಗೆ ಕಲ್ಲಿಗೇನು ಬರ ಐತೆ ಅಂತ ಹೊತ್ಕಂಡು ಬರ್ತೀಯಾ?" ಅಂದಳು. ಮೊಳಕಾಲ್ಮೂರಿನ ಬೆಟ್ಟ ನೋಡಿದವರು ಈ ಮಾತನ್ನು ಅಲ್ಲಗಳೆಯಲಾರರು. ಗುಡಾಣ ಕೆಳಗಿಳಿಯಿತು. ಮೂರನೇ ಕ್ಲಾಸಿನಲ್ಲಿದ್ದ ನನ್ನನ್ನು ಅಕ್ಕ ಹತ್ತಿರ ಕರೆದು, "ಜ್ವಾಪಾನ ಕಣೋ ತಮ್ಮ" ಅಂದಳು. ನಾನು ಗಾಡಿಯ ಎತ್ತುಗಳ ಕೊರಳಗಂಟೆ ನೋಡುತ್ತಿದ್ದೆ.

ಮುಂದೆ ನಾನು ಮೇಷ್ಟ್ರಾದೆ, ಚಳ್ಳಕೆರೆಯಲ್ಲಿ ಮನೆ ಮಾಡಿದೆ. ಹಟ್ಟಿಯ ಮನೆ ಕುಸಿದಾಗ ಗುಡಾಣದ ಕಲ್ಲುಗಳನ್ನು ಎರಡು ಶೇಂಗಾ ಚೀಲದಲ್ಲಿ ತುಂಬಿ ತಂದೆ. ಅಷ್ಟರ ಮಟ್ಟಿಗೆ ಜೋಪಾನ ಮಾಡಿದೆನೆಂದು ಹೇಳಿಕೊಳ್ಳಬಹುದು. ಎಣ್ಣೆ ಗಿರಣಿಗಳ ರಸ್ತೆಯಲ್ಲಿ ಒಂದು ಬೇಕರಿ ಮುಚ್ಚಿತು; ಅದರ ಗಾಜಿನ ಕಪಾಟನ್ನು ತಂದು ವರಾಂಡದಲ್ಲಿ ನಿಲ್ಲಿಸಿದೆ. ಎರಡು ವರ್ಷ ಇರುವೆಗಳು ಕಲ್ಲನ್ನು ಬೆಣ್ಣೆ ಬಿಸ್ಕತ್ತೆಂದು ನಂಬಿ ಸಾಲುಗಟ್ಟಿ ಬಂದು ಭ್ರಮನಿರಸನಗೊಂಡು ಹೋದವು. ನಾನು ವಿದ್ಯಾವಂತ, ಆದ್ದರಿಂದ ವರ್ಗೀಕರಿಸಿದೆ. ಬೆಣಚಿಗೆ ಒಂದು ಸಾಲು, ಬಳಪದ ಕಲ್ಲಿಗೆ ಒಂದು, ಕಬ್ಬಿಣದ ಪಟ್ಟೆಯಿರುವವಕ್ಕೆ ಒಂದು, ಕಾಗೆಬಂಗಾರ ಮಿನುಗುವವಕ್ಕೆ ಮೇಲಿನ ಸಾಲು, ಏಕೆಂದರೆ ಹಿಂದೆ ಅಲ್ಲಿ ಕೇಕು ಇರುತ್ತಿತ್ತು. ಒಂದೊಂದರ ಕೆಳಗೂ ನನ್ನ ದುಂಡಕ್ಷರದ ಚೀಟಿ. ನಾನೂ ಪ್ರವಾಸ ಹೋದಲ್ಲಿಂದ ಹತ್ತಾರು ಕಲ್ಲು ತಂದು ಸೇರಿಸಿದೆ, ಪೂರ್ತಿ ಸೋಮಾರಿ ಎನ್ನಿಸಿಕೊಳ್ಳದಿರಲಿ ಎಂದು.

ಒಮ್ಮೆ ಮನೆಗೆ ಬಂದ ಶಾಲಾ ಇನ್‌ಸ್ಪೆಕ್ಟರರು ಕಪಾಟಿನ ಮುಂದೆ ನಿಂತು, "ಇಷ್ಟೂ ನೀವೇ ಆರಿಸಿದ್ದಾ ಮೇಷ್ಟ್ರೇ?" ಎಂದರು. ನನ್ನ ಬಾಯಲ್ಲಿ ಎಲೆಯಡಿಕೆ ಇತ್ತು. ನಿಜ ಹೇಳಬೇಕಾದರೆ ಎದ್ದು ಹೋಗಿ ಉಗಿದು ಬರಬೇಕು. "ಹೂಂ" ಅಂದೆ. ಹೂಂ ಎನ್ನಲು ಬಾಯಿ ತೆರೆಯಬೇಕಿಲ್ಲ. ಮರುವಾರ ಶಾಲೆಯಲ್ಲಿ ನನಗೆ ಶಾಲು ಹೊದೆಸಿದರು. ಶಾಲು ಹೊದ್ದವನು ತಿದ್ದುಪಡಿ ಕೊಡುವುದನ್ನು ನಾನು ಎಲ್ಲಿಯೂ ನೋಡಿಲ್ಲ.

ಅಕ್ಕ ಆಗಾಗ ಬರುತ್ತಿದ್ದಳು. ಅತ್ತೆಯ ಮನೆಯಲ್ಲೂ ಕುರಿ, ಅಲ್ಲೂ ಕಂಬಳಿ, ಅಲ್ಲೂ ಅದೇ ಹುಡುಕಾಟ. ಸತ್ತವುಗಳದ್ದು, ಮಾರಿದವುಗಳದ್ದು ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ಬಂದು, ಗಂಟು ಬಿಚ್ಚಿ ನನ್ನ ಮೇಜಿನ ಮೇಲಿಡುವಳು. ಕಪಾಟಿನ ಹಳೆಯವನ್ನೂ ಒಂದೊಂದಾಗಿ ತೆಗೆದು ಹೇಳುವಳು. ನಾನು ಪೆನ್ನು ತೆಗೆದು ಚೀಟಿ ಹರಿದುಕೊಂಡು ಕೂರಬೇಕು. ಅದು ನಮ್ಮ ಕ್ರಮ.

"ಬರ್ಕೋ. ಇದು ಹೋದ್ಸಲ ತಂದ ಪಟ್ಟೇದರ ಮಗಳು. ಎರಡು ಸಲ ಅವಳಿ ಹಾಕ್ತು. ಹಿರಿಯೂರಿನೋನು ತಗಂಡೋದ. ಹೋಗ್ವಾಗ ತಿರುತಿರುಗಿ ನೋಡ್ತು ಕಣೋ, ನಾನೇ ಒಳಗೆ ಬಂದ್ಬಿಟ್ಟೆ."

"ಎಲ್ಲಿ ಸಿಕ್ತು?"

"ಏನು, ಕುರಿನಾ?"

"ಕಲ್ಲು ಕಣಕ್ಕ."

"ಹಳ್ಳದ ದಂಡೆಯಾಗೆ. ಅದನ್ನ ಯಾಕೆ ಬರೀತೀಯಾ, ಅವಳಿ ಹಾಕಿದ್ದು ಬರಿ."

ನಾನು ಬರೆದೆ: ಬಳಪದ ಕಲ್ಲು, ಬೂದು, ಮೊಳಕಾಲ್ಮೂರು ತಾಲ್ಲೂಕು.

"ಬರ್ದೇನೋ?"

"ಬರ್ದೆ."

ಅವಳು ತೃಪ್ತಿಯಿಂದ ಕಾಲು ಚಾಚಿ ಕಾಫಿ ಕುಡಿಯುವಳು. ಹೀಗೆ ಎಷ್ಟು ಸಲವೆಂದು ಹೇಳಲಾರೆ. ಅವಳ ಮಾತನ್ನು ನಾನು ಪಕ್ಕದ ಮನೆಯ ರೇಡಿಯೋದಂತೆ ಕೇಳುತ್ತಿದ್ದೆ. ಅದು ಇತ್ತು, ಅಷ್ಟೇ.

ಪುಸ್ತಕದ ವಿಷಯಕ್ಕೆ ಬರುತ್ತೇನೆ. ಮಕ್ಕಳ ಪುಸ್ತಕ ಮಾಡುವವರೊಬ್ಬರು ಯಾವುದೋ ಶಿಬಿರಕ್ಕೆಂದು ಚಳ್ಳಕೆರೆಗೆ ಬಂದವರು ಕಪಾಟು ನೋಡಿ ಬೆರಗಾದರು. "ಸರ್, ಇದು ಪುಸ್ತಕ ಆಗ್ಬೇಕು, ನೀವೇ ಬರೀಬೇಕು" ಅಂದರು. ಕಲ್ಲುಗಳ ಫೋಟೋ ಎಲ್ಲ ಹಿಡಿದುಕೊಂಡು ಹೋದರು. ನನ್ನ ಮೊದಲ ಬರಹದಲ್ಲಿ ಅಕ್ಕ ಇದ್ದಳು. ಹೆಚ್ಚೇನಲ್ಲ, ಮೂರು ಪುಟದಲ್ಲಿ, ನನ್ನ ಕೈ ಹಿಡಿದುಕೊಂಡು. ಅದಾದ ಮೇಲೆ ಸಂಪಾದಕಿಯ ಫೋನು. ಬೆಣಚು ಎಂಬ ಪದ ಮಕ್ಕಳಿಗೆ ತಿಳಿಯುವುದಿಲ್ಲ, ಬೇರೆ ಹಾಕೋಣವೇ ಎಂದರು. ನಾನು ಎರಡು ದಿನ ಹೋರಾಡಿ ಬೆಣಚನ್ನು ಉಳಿಸಿಕೊಂಡೆ. ಕನ್ನಡಕ್ಕೆ ನನ್ನ ಸೇವೆ ಅಂದುಕೊಂಡೆ. ಮೂರನೇ ದಿನ ಅವರು, "ಸರ್, ಇನ್ನೊಂದು. ಅಕ್ಕನ ಪಾತ್ರ ಬೇಕಾ? ಇಬ್ಬರಿದ್ದರೆ ಇದು ಯಾರ ಕತೆ ಅಂತ ಮಗುವಿಗೆ ಗೊಂದಲ ಆಗುತ್ತೆ. ಒಬ್ಬರೇ ಇರ್ಲಿ" ಅಂದರು.

ಹಾಗಾದರೆ ಹುಡುಗಿಯನ್ನೇ ಇಡಿ. ಮೂರು ಪದದ ಮಾತು. ಈಗ ಬರೆಯುವಾಗ ಸಲೀಸಾಗಿ ಬರುತ್ತಿದೆ.

"ನಿಮಗೆ ಹೇಗೆ ಅನುಕೂಲವೋ ಹಾಗೆ," ಅಂದೆ. ಬೆಣಚಿಗೆ ಎರಡು ದಿನ, ಅಕ್ಕನಿಗೆ ಒಂದು ನಿಮಿಷ.

ಪುಸ್ತಕ ಬಂತು. ಹಂಚಿದೆ, ಹೊಗಳಿಸಿಕೊಂಡೆ. ಅಕ್ಕ ಬರುತ್ತೇನೆಂದು ಹೇಳಿಕಳಿಸಿದಾಗ ಉಳಿದ ಪ್ರತಿಗಳನ್ನು ಬೀರುವಿಗೆ ಸೇರಿಸಿ ಬೀಗ ಹಾಕಿದೆ. ನನ್ನ ಹೆಂಡತಿ ನೋಡುತ್ತಿದ್ದಳು. ಅಕ್ಕ ಬಂದು ಕೂತು ನೀರು ಕುಡಿದ ಮೇಲೆ ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು: "ಅಕ್ಕಂಗೆ ನಿಮ್ ಪುಸ್ತಕ ತೋರಿಸ್ರೀ. ಊರಿಗೆಲ್ಲ ತೋರಿಸಿದ್ದಾಯ್ತಲ್ಲ."

ಬೀಗದ ಕೈ ಅವಳ ಸೊಂಟದಲ್ಲೇ ಇತ್ತು. ಅವಳೇ ತಂದುಕೊಟ್ಟಳು.

ಅಕ್ಕನಿಗೆ ಅಕ್ಷರ ಬಾರದು. ಅದು ನನ್ನ ಧೈರ್ಯವಾಗಿತ್ತು. ನಾನು ಒಂದು ಸಣ್ಣ ಸಂಗತಿ ಮರೆತಿದ್ದೆ. ನಾನು ಬರೆದದ್ದು ಚಿತ್ರಪುಸ್ತಕ. ಅಕ್ಷರ ಬಾರದವರೂ ಓದಲೆಂದೇ ಮಾಡುವ ವಸ್ತು ಅದು.

ಅವಳು ಮೊದಲ ಪುಟ ತೆರೆದಳು. "ಯಾವನೋ ಇವ್ನು? ಚೆಂದಾಗವ್ನೆ."

"ಕತೆ ಹುಡುಗ."

"ಯಾರ ಮಗ?"

"ನಾನು ಅಂತ ಇಟ್ಕೋ."

"ನೀನಾ!" ಅಕ್ಕ ಜೋರಾಗಿ ನಕ್ಕಳು. "ಟಗರು ಕಂಡ್ರೆ ಅವ್ವನ ಸೀರೇಲಿ ಮುಖ ಮುಚ್ಕಂತಿದ್ದೋನು! ನಿನ್ ಕೈಗೆ ಕೋಲು ಕೊಟ್ಟವ್ರೆ ನೋಡು!"

ಅಡುಗೆಮನೆಯಲ್ಲೂ ಯಾರೋ ನಕ್ಕರು.

ಆಮೇಲೆ ಅವಳು ಪುಟ ತಿರುವುತ್ತ ಹೋದಳು. ಕಲಾವಿದರು ಹೊಳೆಯ ವಿಷಯದಲ್ಲಿ ಏನೇ ಮಾಡಿರಲಿ, ಕಲ್ಲುಗಳನ್ನು ಫೋಟೋ ನೋಡಿ ಒಂದು ಗೆರೆ ತಪ್ಪದಂತೆ ಬರೆದಿದ್ದರು. "ಅಯ್ಯೋ, ಇದು ನಮ್ ಕೆಂಗತ್ತಿಂದು. ಇದು ತೋಳ ಹಿಡಿದಿದ್ದು. ಇದು ನನ್ ಮದ್ವೆ ವರ್ಷ ಮಾರಿದ್ದು." ಅವಳ ಬೆರಳು ಕಲ್ಲಿಂದ ಕಲ್ಲಿಗೆ ಹೋಗುತ್ತಿತ್ತು. ಕೊನೆಯ ಪುಟ ಮುಗಿಯಿತು. ಅವಳು ಮತ್ತೆ ಮೊದಲಿಂದ ತಿರುವಿದಳು, ಈ ಸಲ ನಿಧಾನ. ಬೆರಳು ಈಗ ಕಲ್ಲುಗಳ ಮೇಲೆ ನಿಲ್ಲುತ್ತಿರಲಿಲ್ಲ. ಮರದ ಹಿಂದೆ, ಕುರಿಗಳ ನಡುವೆ, ಪುಟದ ಅಂಚಿನಲ್ಲಿ ಏನೋ ಹುಡುಕುತ್ತಿತ್ತು. ಒಂದು ಪುಟದ ದೂರದ ದಾರಿಯಲ್ಲಿ, ಜಾಗ ತುಂಬಲೆಂದು ಬರೆದ, ಕೊಡ ಹೊತ್ತ ಹೆಂಗಸಿನ ಆಕೃತಿಯೊಂದಿತ್ತು. ಹೆಬ್ಬೆರಳಿನ ಉಗುರಿನಷ್ಟು, ಮುಖವಿಲ್ಲ.

"ಇದು ನಾನಾ?"

"ಹೂಂ."

ಅವಳು ಅದನ್ನು ಬಹಳ ಹೊತ್ತು ನೋಡಿದಳು. "ನೀರಿಗೆ ಹೋಗ್ತಿದ್ದೋಳು ಅವ್ವ," ಅಂದಳು. "ನಾನು ಕುರಿ ಹಿಂದೆ ಇರ್ತಿದ್ದೆ."

ನಾನು ಕನ್ನಡಕ ಒರೆಸಿದೆ.

"ಹೋಗ್ಲಿ ಬಿಡು. ಏನ್ ಬರ್ದೀಯ ಓದು."

ಓದಿದೆ. ಹುಡುಗನಿಗೆ ಬಿಳಿ ಬೆಣಚು ಸಿಕ್ಕಿತು. ಹುಡುಗನಿಗೆ ಪಟ್ಟೆ ಪಟ್ಟೆ ಕಬ್ಬಿಣದ ಕಲ್ಲು ಸಿಕ್ಕಿತು. ಮಳೆಯಲ್ಲಿ ಕಾಗೆಬಂಗಾರ ಮಿನುಗಿತು. ಎರಡೆರಡು ಸಾಲು, ಬೇಗ ಮುಗಿಯಿತು.

"ಅವಳಿ ಹಾಕಿದ್ದು?"

"ಅದು ಇಲ್ಲಕ್ಕ. ಮಕ್ಕಳ ಪುಸ್ತಕ ಅಲ್ವಾ, ಜಾಗ ಇರಲ್ಲ."

"ಪುಸ್ತಕದಾಗೆ ಬೇಡ. ಚೀಟಿಯಾಗೆ ಐತಲ್ಲ." ಅವಳು ಎದ್ದು ಕಪಾಟಿನ ಬಾಗಿಲು ಸರಿಸಿ ಒಂದು ಕಲ್ಲನ್ನು ಚೀಟಿಯೊಂದಿಗೆ ತಂದಳು. "ಇದನ್ನ ಓದು. ಇದ್ಯಾವ್ದು ಅಂತ ನಂಗೆ ಮರ್ತೈತೆ."

ನಾನು ಓದಬೇಕಾಯಿತು. "ಬೆಣಚು. ಬಿಳಿ. ಉಳ್ಳಾರ್ತಿ ಕಾವಲ್."

"ಆಮೇಲೆ?"

"ಅಷ್ಟೇ."

ಇನ್ನೊಂದು ತಂದಳು. "ಕಣಶಿಲೆ. ಒರಟು. ಮೊಳಕಾಲ್ಮೂರು ತಾಲ್ಲೂಕು." ಇನ್ನೊಂದು. ಇನ್ನೊಂದು. ನಾಲ್ಕನೆಯದನ್ನು ಓದಿದಾಗ ಅವಳು ನನ್ನ ಮುಖ ನೋಡುತ್ತಿದ್ದಳು, ಚೀಟಿಯನ್ನಲ್ಲ.

"ನಾನು ಹೇಳ್ತಿದ್ದೆ. ನೀನು ಬರೀತಿದ್ದೆ."

"ಬರೀತಿದ್ದೆ ಅಕ್ಕ."

"ಬರ್ದೇನೋ ಅಂತ ಕೇಳ್ತಿದ್ದೆ. ಬರ್ದೆ ಅಂತಿದ್ದೆ." ಅವಳ ದನಿ ಏರಲಿಲ್ಲ. "ನೀನು ಬರ್ದಿಟ್ಟಿದ್ದೀಯಲ್ಲ ಅಂತ ನಾನು ಮರ್ತೆ ಕಣೋ. ಮಕ್ಳು ಹುಟ್ಟಿದ್ರು, ಮನೆ ಯಜಮಾನ್ರು ಹೋದ್ರು, ತಲೆಯಾಗೆ ಎಷ್ಟು ಅಂತ ಇಟ್ಕಳ್ಳಿ? ತಮ್ಮನ ಮನೆಯಾಗೆ ಐತೆ ಅಂತ ಬಿಟ್ಬಿಟ್ಟೆ."

ಸಾವಿರಾರು ಉತ್ತರಪತ್ರಿಕೆ ತಿದ್ದಿದವನು ನಾನು. ಪ್ರಶ್ನೆ ಏನೆಂದು ನೋಡದೆ ತನಗೆ ಬಂದದ್ದನ್ನು ಬರೆದವನಿಗೆ ನಾನು ಸೊನ್ನೆ ಹಾಕುತ್ತಿದ್ದೆ, ಎರಡು ಗೆರೆ ಎಳೆದು.

ಅಕ್ಕ ವರಾಂಡದಲ್ಲಿ ಜಮಖಾನ ಹಾಸಿ, ಕಪಾಟಿನ ಕಲ್ಲನ್ನೆಲ್ಲ ಇಳಿಸಿದಳು. ಚೀಟಿಗಳನ್ನು ಮುಟ್ಟಲಿಲ್ಲ, ಅವು ಗಾಜಿನ ಹಿಂದೆ ಸಾಲಾಗಿ ಹಾಗೇ ಉಳಿದವು. ಮಧ್ಯಾಹ್ನದವರೆಗೆ ಕೂತು ಜೋಡಿಸಿದಳು. ಬೆಣಚಿನ ಪಕ್ಕ ಬಳಪ, ಬಳಪದ ಪಕ್ಕ ಪಟ್ಟೆಕಲ್ಲು. ನನ್ನ ಕಣ್ಣಿಗೆ ಅದು ಅಸ್ತವ್ಯಸ್ತ. ಸುಮಾರು ಹೊತ್ತಿನ ಮೇಲೆ ತಿಳಿಯಿತು. ತಾಯಿಯ ಕೆಳಗೆ ಮಗಳು, ಮಗಳ ಕೆಳಗೆ ಮೊಮ್ಮಗಳು. ನಮ್ಮ ಹಟ್ಟಿಯ ರೊಪ್ಪದಲ್ಲಿ ಶುರುವಾದ ಸಾಲು ಮೊಳಕಾಲ್ಮೂರಿಗೂ ಹೋಗಿತ್ತು. ಮದುವೆಗೆ ಅಪ್ಪ ಕೊಟ್ಟ ಎರಡು ಕುರಿ ಅಲ್ಲಿ ಮರಿ ಹಾಕಿದ್ದು ನನಗೆ ಗೊತ್ತೇ ಇರಲಿಲ್ಲ. ನಾನು ಪ್ರವಾಸದಿಂದ ತಂದ ಕಲ್ಲುಗಳನ್ನು ಅವಳು ಒಂದು ನೋಟಕ್ಕೆ ಗುರುತಿಸಿ, "ಇವು ಯಾರ್ವೋ" ಎಂದು ಪಕ್ಕಕ್ಕೆ ತಳ್ಳಿದಳು.

ಉಳಿದ ಒಂದು ರಾಶಿಯ ಮುಂದೆ ಅವಳು ಸೋತಳು. ಒಂದೊಂದನ್ನೂ ಕೈಗೆತ್ತಿಕೊಳ್ಳುವಳು, ತಿರುಗಿಸುವಳು, ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚುವಳು, ಕೆಳಗಿಡುವಳು. ಸಾಲಿನ ಕಡೆ ಒಯ್ಯುವಳು, ವಾಪಸು ತರುವಳು. ನನ್ನ ಹೆಂಡತಿ ಅನ್ನ ಹಾಕಿಟ್ಟು ಎರಡು ಸಲ ಕರೆದಳು. ಮೂರನೇ ಸಲ ಅವಳೂ ಬಂದು ಪಕ್ಕದಲ್ಲಿ ಕೂತಳು.

ಕೊನೆಗೆ ಅಕ್ಕ ನೆನಪಿದ್ದವನ್ನು ಎರಡು ಚೀಲಕ್ಕೆ ತುಂಬಿದಳು. ನೆನಪಿಲ್ಲದ ರಾಶಿಯನ್ನು ಸೆರಗಿನಿಂದ ಒರೆಸಿ, ಕಪಾಟಿನ ಕೆಳಗಿನ ಹಲಗೆಯಲ್ಲಿಟ್ಟಳು.

"ಇವನ್ನೂ ತಗಂಡೋಗಕ್ಕ."

"ಏನ್ ಮಾಡ್ಲಿ? ಇವು ಈಗ ಕಲ್ಲು," ಅಂದಳು. "ನಿಂಗೆ ಗೊತ್ತಲ್ಲ ಕಲ್ಲು. ಇಟ್ಕೋ."

ಬಸ್ ಸ್ಟ್ಯಾಂಡಿಗೆ ಚೀಲ ಹೊತ್ತವನು ನಾನು. ದಾರಿಯಲ್ಲಿ ಅವಳು ಒಂದೇ ಮಾತಾಡಿದ್ದು, ಮಂಡಿಗೆ ಎಳ್ಳೆಣ್ಣೆ ಹಚ್ಚು ಅಂತ. ಕಂಡಕ್ಟರು ಚೀಲ ಎತ್ತಲು ಹೋಗಿ, "ಏನವ್ವಾ, ಕಲ್ಲು ತುಂಬಿದೀಯಾ?" ಅಂದ. ಅವಳು ಎರಡನ್ನೂ ಕಾಲ ಬಳಿ ಇಟ್ಟುಕೊಂಡು ಕೂತಳು. ನಾನು ಕಿಟಕಿಯ ಹತ್ತಿರ ನಿಂತೆ. ಬಸ್ಸು ಹೊರಡುವವರೆಗೂ ಅವಳು ಚೀಲದ ಕಡೆಯೇ ನೋಡುತ್ತಿದ್ದಳು.

ಈ ಮಳೆಗಾಲಕ್ಕೆ ಮುಂಚೆ ಸಂಪಾದಕಿಯ ಫೋನು ಬಂತು. ಪುಸ್ತಕ ಎರಡನೇ ಮುದ್ರಣಕ್ಕೆ ಹೋಗುತ್ತಿದೆಯಂತೆ, ತಿದ್ದುಪಡಿ ಏನಾದರೂ ಇದೆಯೇ ಎಂದರು. ಬಾಯಲ್ಲಿ ಏನೂ ಇರಲಿಲ್ಲ. ಇದೆ ಎಂದೆ. ಹುಡುಗನ ಬದಲು ಹುಡುಗಿ ಬೇಕು, ಆ ಹುಡುಗಿ ನನ್ನ ಅಕ್ಕ, ಎಂದು ಮೊದಲಿನಿಂದ ಎಲ್ಲ ಹೇಳಿದೆ. ಆ ಕಡೆ ಬಹಳ ಮರುಕಪಟ್ಟರು. ಚಿತ್ರಗಳನ್ನು ಮಾತ್ರ ಈಗ ಮುಟ್ಟುವಂತಿಲ್ಲ ಎಂದರು. "ಬೇಕಾದ್ರೆ ಅರ್ಪಣೆ ಅಂತ ಒಂದು ಪುಟ ಸೇರಿಸ್ಬಹುದು ಸರ್." ಈ ಸಲ ನಾನು ಎರಡು ದಿನ ಹೋರಾಡಿದೆ. ಮೂರನೇ ದಿನ ಆಗಲಿ ಎಂದೆ.

ಪ್ರತಿಗಳು ಬಂದಿವೆ. ಹುಡುಗ ಮುಖಪುಟದಲ್ಲಿ ಹಾಗೇ ನಿಂತಿದ್ದಾನೆ, ಕಾವಲಿನಲ್ಲಿ ಹೊಳೆ ಹರಿಯುತ್ತಿದೆ. ಮೂರನೇ ಪುಟದ ನಟ್ಟನಡುವೆ, ಸಣ್ಣ ಅಕ್ಷರದಲ್ಲಿ, ಈ ಕಲ್ಲುಗಳನ್ನೆಲ್ಲ ಆರಿಸಿದ ಅಕ್ಕನಿಗೆ ಎಂದಿದೆ. ಇಡೀ ಪುಸ್ತಕದಲ್ಲಿ ಚಿತ್ರವಿಲ್ಲದ ಪುಟ ಅದೊಂದೇ.